ಹನ್ನೆರಡು ಸ್ಟಿಕ್ಕರ್, ಒಂದು ಕ್ಷಮೆ

ಖಾನಾಪುರ
10 ಸೆಪ್ಟೆಂಬರ್ 2025

ಪದ್ಮಾಕರಣ್ಣಾ,

ಜಯ ಜಿನೇಂದ್ರ. ತೀರ್ಥರೂಪ ಎಂದು ಬರೆಯಲು ಈ ಸಲ ಕೈ ಒಪ್ಪಲಿಲ್ಲ.

ಎಲ್ಲರೂ ಎಲ್ಲರ ಕ್ಷಮೆ ಕೇಳುವ ಕ್ಷಮಾವಾಣಿಯ ದಿನ ನಿನ್ನ ಮೆಸೇಜ್ ಬಂತು. ತಾವರೆಯ ಚಿತ್ರ, ಎರಡು ಮುಗಿದ ಕೈ, ಕೆಳಗೆ ‘ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಉತ್ತಮ ಕ್ಷಮಾ’. ಮೇಲೆ ಫಾರ್ವರ್ಡ್ ಆದದ್ದೆಂಬ ಗುರುತು ಬೇರೆ. ರವಿವಾರ ಪೇಟೆಯ ನಿನ್ನ ಕಂಪ್ಯೂಟರ್ ಅಂಗಡಿಯ ಗಿರಾಕಿಗಳಿಗೆಲ್ಲ ಹೋದದ್ದೇ ಒಡಹುಟ್ಟಿದ ತಂಗಿಗೂ ಬಂದಿದೆ. ಅಲ್ಲೋ ಮಾರಾಯಾ, ತಿಳಿಯದೆಯೋ ಅಂತೆ! ನಿನಗೆ ಎಲ್ಲ ತಿಳಿದಿತ್ತು. ಇದನ್ನು ಫೋನಿನಲ್ಲಿ ಕಳಿಸಿದರೆ ಇನ್ನೆರಡು ಮುಗಿದ ಕೈ ಒತ್ತಿ ಸುಮ್ಮನಾಗುತ್ತೀಯ, ಅದಕ್ಕೇ ಕಾಗದ ಹಿಡಿದಿದ್ದೇನೆ.

ಮೇ ತಿಂಗಳಲ್ಲಿ ಶಿವಬಸವ ನಗರದ ನಿನ್ನ ಮನೆಯಲ್ಲಿ ಕೂತು ನಾನು ಕೇಳಿದ್ದೇನು? ನನ್ನ ಕಂಪ್ಯೂಟರ್ ಕ್ಲಾಸಿಗೆ ಪರೀಕ್ಷಾ ಕೇಂದ್ರದ ಮಾನ್ಯತೆ ಬೇಕು, ಹನ್ನೆರಡು ಮಷಿನ್ ಕೊಡು, ಹಳೆಯವಾದರೂ ನಡೆಯುತ್ತದೆ, ಆದರೆ ಪ್ರೊಸೆಸರ್ ಎಂಟನೇ ಜನರೇಶನ್ನಿಗಿಂತ ಕೆಳಗಿರಕೂಡದು. ಸಾದಾ ಐ-ತ್ರೀ ಸಾಕು ಎಂದೆ. ಚೀಟಿಯಲ್ಲಿ ಬರೆದೂ ಕೊಟ್ಟೆ. ನಿನ್ನ ಹೆಂಡತಿ, ನಮ್ಮ ತ್ರಿಶಲಾ ವೈನಿಯೇ ಸಾಕ್ಷಿ. ಜೂನಿನಲ್ಲಿ ಬಂದ ಹನ್ನೆರಡೂ ಮಷಿನ್ನುಗಳ ಮೇಲೆ ಐ-ಸೆವೆನ್ ಸ್ಟಿಕ್ಕರ್ ಮಿರಮಿರ ಮಿಂಚುತ್ತಿತ್ತು. ಫೋನಿನಲ್ಲಿ ನೀನು ಎಷ್ಟು ಹಿಗ್ಗಿದ್ದೆ! “ಮೂರು ಕೇಳಿದಿ, ಏಳು ಕೊಟ್ಟೀನಿ. ಅಣ್ಣ ಅಂದ್ರ ಹಿಂಗಿರಬೇಕು” ಎಂದೆ. ನಾನೂ ಹುಚ್ಚಿ, ಅವತ್ತೇ ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಏಳು ಮೂರಕ್ಕಿಂತ ದೊಡ್ಡದು ಎಂದು ಸಣ್ಣ ಮಕ್ಕಳಿಗೆ ಹೇಳು, ನನಗಲ್ಲ. ಹೆಸರಿನ ಮುಂದಿನ ಸಂಖ್ಯೆ ಓದಬೇಕು, ಅದರ ಮೊದಲ ಅಂಕಿಯೇ ಜನರೇಶನ್ ಎಂದು ಕಲಿಸಿದವನೇ ನೀನು. ನೀನು ಕೊಟ್ಟದ್ದು ಐ-ಸೆವೆನ್ 2600, ಎಂದರೆ ಎರಡನೇ ಜನರೇಶನ್. ನಾನು ಕೇಳಿದ ಐ-ತ್ರೀ 8100 ಎಂಟನೆಯದು. ಎರಡಕ್ಕೂ ನಾಲ್ಕೇ ಕೋರ್, ಆದರೆ ನಡುವೆ ಆರೇಳು ವರ್ಷದ ಅಂತರ. ಆ ಪ್ರೊಸೆಸರ್ ಮೇಲೆ ನನಗೇನೂ ಸಿಟ್ಟಿಲ್ಲ. ತನ್ನ ಕಾಲದಲ್ಲಿ ಅದು ರಾಜನ ಹಾಗೆ ಮೆರೆದದ್ದು, ಈಗಲೂ ಟೈಪಿಂಗಿಗೆ ಧಾರಾಳ ಸಾಕು. ಹನ್ನೆರಡೂ ಹಚ್ಚಿದರೆ ಕೋಣೆ ಕಾಯುತ್ತದೆ, ಅಷ್ಟೇ. ಆದರೆ ಪರೀಕ್ಷೆಗೆ ಬೇಕಾದ ವಿಂಡೋಸ್ ಇಲೆವೆನ್ ಎರಡನೇ ಜನರೇಶನ್ನನ್ನು ಒಪ್ಪುವುದಿಲ್ಲ. ಅದು ನಿನಗೆ ಗೊತ್ತಿತ್ತು. ವಿಂಡೋಸ್ ತಾನೇ ಮಾಡುವ ತಪಾಸಣೆ ತಪ್ಪಿಸಿ ಅದನ್ನು ಕಳ್ಳದಾರಿಯಲ್ಲಿ ಹಾಕಿ ಕಳಿಸಿದೆ. ಪ್ರೊಸೆಸರ್ ಒಂದನ್ನೇ ಬದಲಿಸೋಣವೆಂದರೆ ಆ ಬೋರ್ಡಿನಲ್ಲಿ ಎಂಟನೆಯದು ಕೂಡುವುದೂ ಇಲ್ಲ.

ನಿನ್ನನ್ನು ನಂಬಿ ಮಾನ್ಯತೆಯ ಅರ್ಜಿಯಲ್ಲಿ ‘ಎಂಟನೇ ಜನರೇಶನ್’ ಎಂದು ಬರೆದು ಸಹಿ ಮಾಡಿದೆ. ಆಗಸ್ಟಿನಲ್ಲಿ ತಪಾಸಣೆಗೆ ಪರೀಕ್ಷಾ ಮಂಡಳಿಯ ಮೈಲಾರಲಿಂಗ ಸಾಹೇಬರು ಬಂದರು. ಮೊದಲನೇ ಮಷಿನ್ ಹಚ್ಚಿದರು, ಮೌಸ್ ಎರಡು ಸಲ ಒತ್ತಿದರು, ನನ್ನ ಮುಖ ನೋಡಿದರು. “ಮೇಡಂ, ಇದು ಎರಡನೇ ಜನರೇಶನ್ ಐತಿ. ನೀವು ಎಂಟಂತ ಬರದೀರಲ್ಲ?” ಹುಡುಗಿಯರ ಎದುರಿಗೇ ಕೇಳಿದರು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಪರೀಕ್ಷೆ ರದ್ದಾಯಿತು.

ಪಾರಿಶ್ವಾಡದಿಂದ ಸಾಯಲಿ ಎಂಬ ಹುಡುಗಿ ಮೊದಲ ಬಸ್ಸಿಗೆ ಬಂದು, ನಾನು ಬೀಗ ತೆಗೆಯುವ ತನಕ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಅವಳಿಗೊಂದು ಕೆಲಸ ಸಿಗುವಂತಿದೆ, ತಿಂಗಳ ಕೊನೆಯೊಳಗೆ ಸರ್ಟಿಫಿಕೇಟ್ ತೋರಿಸಬೇಕು. ಸರಿಯಾದ ಮಷಿನ್ ಇಟ್ಟು, ತಪ್ಪು ಯಾರದೆಂದು ಬರೆದು ಒಪ್ಪಿಕೊಂಡರೆ ಇಪ್ಪತ್ತನೇ ತಾರೀಖಿನೊಳಗೆ ಇನ್ನೊಮ್ಮೆ ನೋಡುತ್ತೇನೆ ಎಂದಿದ್ದಾರೆ ಸಾಹೇಬರು. ಹುಡುಗಿಯರಿಗೆ ನಾನು ಪರೀಕ್ಷೆ ಮುಂದೆ ಹೋಗಿದೆ ಎಂದಷ್ಟೇ ಹೇಳಿದ್ದೇನೆ.

ಆದ್ದರಿಂದ ಕೇಳು. ಬರುವ ರವಿವಾರ ಎಂಟನೇ ಜನರೇಶನ್ನಿನ ಹನ್ನೆರಡು ಮಷಿನ್ ಗಾಡಿಯಲ್ಲಿ ಹಾಕಿಕೊಂಡು ಖಾನಾಪುರಕ್ಕೆ ಬಾ. ಸಾಹೇಬರಿಗೆ ಕೊಡುವ ಪತ್ರವನ್ನು ನೀನೇ ಬರೆ. ಹುಡುಗಿಯರ ಮುಂದೆ ನಿಂತು ನಿನ್ನ ಬಾಯಿಂದಲೇ ಹೇಳು. ತಾವರೆ ಬೇಡ, ಮುಗಿದ ಕೈ ಬೇಡ, ಇಂಥದ್ದು ಮಾಡಿದೆ ಎಂದು ಹೆಸರು ಹಿಡಿದು ಹೇಳು. ಅಲ್ಲಿಯ ತನಕ ನನ್ನಿಂದ ಯಾವ ಕ್ಷಮೆಯೂ ಇಲ್ಲ. ಒಂದು ಮಷಿನ್ ಬಿಚ್ಚಿ, ಪ್ರೊಸೆಸರ್ ತೆಗೆದು, ಅದರ ಮೇಲಿನ ಪೇಸ್ಟ್ ಅರಳೆಯಿಂದ ಒರೆಸಿ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಅದರ ಮೇಲೆ ಕೊರೆದ ಅಂಕಿಯನ್ನು ಓದಿಕೋ.

ಸಿಟ್ಟಿನಲ್ಲಿರುವ ನಿನ್ನ ತಂಗಿ,
ಪ್ರಾಚಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೊಂದು ಸುಳ್ಳು ಬರೆದಿದ್ದೇನೆ. ನಿನ್ನನ್ನು ನಂಬಿ ಸಹಿ ಮಾಡಿದೆ ಎಂದದ್ದು ಖರೇ ಅಲ್ಲ. ಮಷಿನ್ ಬಂದ ಮರುದಿನವೇ ಹಚ್ಚಿ 2600 ಓದಿದ್ದೆ. ಓಣಿಗೆಲ್ಲ ಹೇಳಿಕೊಂಡಾಗಿತ್ತು, ಇಲ್ಲವೆನ್ನಲು ನಾಚಿಕೆಯಾಯಿತು. ಯಾರು ನೋಡುತ್ತಾರೆ ಬಿಡು ಎಂದು ಎಂಟು ಅಂತ ಬರೆದೆ. ಸಾಹೇಬರಿಗೆ ಕೊಡುವ ಪತ್ರ ನಾನೇ ಬರೆಯುತ್ತೇನೆ, ನೀನು ಮಷಿನ್ ತಾ. ಇನ್ನೊಂದು ಮಾತು. ನಿನ್ನ ಆ ತಾವರೆಯ ಮೆಸೇಜನ್ನೇ ನಾನೂ ಹುಡುಗಿಯರ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದೆ. ಎಲ್ಲರೂ ಮುಗಿದ ಕೈ ಕಳಿಸಿದರು. ಸಾಯಲಿ ಮಾತ್ರ “ಯಾವ ತಪ್ಪಿಗ್ರಿ ಟೀಚರ್?” ಎಂದು ಕೇಳಿದ್ದಾಳೆ. ಎರಡು ದಿನವಾಯಿತು, ನಾನಿನ್ನೂ ಉತ್ತರ ಕೊಟ್ಟಿಲ್ಲ.