ಕಿರುಬೆರಳು ಬಿಟ್ಟ ಸ್ವರ

೧ ಮಾರ್ಚ್ ೧೯೯೪, ಮಂಗಳವಾರ

ಮತ್ತೆ ಅದೇ ಟೇಪು. ಹದಿನೇಳನೇ ಸಲ. ೧೯೫೬ರಲ್ಲಿ ನಮ್ಮೂರಿನ ಹೆಸರಾಂತ ವಾದಕ ಲ್ಯೂಕ್ ಗಿಲ್ಮಾರ್ಟಿನ್ ಫಿಡಲ್‌ನಲ್ಲಿ ಬಾರಿಸಿದ ಹಾರ್ನ್‌ಪೈಪ್. ಬೂಟುಗಾಲು ಕುಟ್ಟಿ ಕುಣಿಯುವ ಮಟ್ಟು. ಎರಡನೇ ಭಾಗದಲ್ಲಿ ಸ್ವರ ಏರುತ್ತ ಹೋಗುತ್ತದೆ, ತುದಿಯ ಸ್ವರ ಬರಬೇಕು — ಬರುವುದಿಲ್ಲ. ಮೂರು ಸಲವೂ ಅದನ್ನು ಹಾರಿಸಿ ಕೆಳಗಿಳಿಯುತ್ತಾನೆ.

ಪಾದ್ರಿಯೊಬ್ಬರು ೧೯೩೮ರಲ್ಲಿ ಬರೆದಿಟ್ಟ ಇದೇ ಮಟ್ಟಿನ ಸ್ವರಲಿಪಿಯ ಫೋಟೋಕಾಪಿ ಡಬ್ಲಿನ್‌ನಿಂದ ಬಂತು. ಅದರಲ್ಲೂ ಇಲ್ಲ. ಊರಿನ ಹಳೆಯ ಮಟ್ಟುಗಳ ಬಗ್ಗೆ ಸ್ಕ್ಯಾನ್ಲನ್ ಮೇಷ್ಟ್ರು ತರುತ್ತಿರುವ ಹೊಸ ಪುಸ್ತಕದ ಪ್ರೂಫಿನಲ್ಲಿ ಮಾತ್ರ ಮೂರೂ ಕಡೆ ಇದೆ! ಕೆಳಗೆ ‘ರಚನೆ: ಲ್ಯೂಕ್ ಗಿಲ್ಮಾರ್ಟಿನ್’.

೩ ಮಾರ್ಚ್

ಮೇಷ್ಟ್ರಿಗೆ ಫೋನ್ ಮಾಡಿದೆ.

“ಲ್ಯೂಕ್‌ನಂಥೋನು ಸ್ವರ ಬಿಡ್ತಾನೇನಮ್ಮಾ? ಅವತ್ತು ಕುಡಿದಿರ್ಬೇಕು. ನಾನೇ ತಿದ್ದಿದೆ.”

“ಬರೆದ ಪಾದ್ರಿನೂ ಕುಡಿದಿದ್ರಾ?”

ಫೋನ್ ಇಟ್ಟುಬಿಟ್ಟರು. ಇಡೀ ಸ್ಲೈಗೋ ಜಿಲ್ಲೆಗೆ ಇವರೊಬ್ಬರೇ ಮೇಷ್ಟ್ರು, ಉಳಿದವರೆಲ್ಲ ಒಂದನೇ ಕ್ಲಾಸು.

೬ ಮಾರ್ಚ್, ಭಾನುವಾರ, ಸಂಜೆ ನಾಲ್ಕು

ಡಿಲಿಯಾ ಅತ್ತೆಯ ಅಡುಗೆಮನೆ. ಅಪ್ಪನ ತಂಗಿ, ಎಂಬತ್ತೊಂದು ವರ್ಷ. ಈಸ್ಟರ್ ಉಪವಾಸ ಅಂತ ಟೀಗೆ ಸಕ್ಕರೆ ಬಿಟ್ಟಿದ್ದಾಳೆ, ಜಾಮ್ ಬಿಟ್ಟಿಲ್ಲ. ಕಪ್ಪು ಹಿಡಿದರೆ ಎಡಗೈ ಕಿರುಬೆರಳು ನೆಟ್ಟಗೆ ನಿಲ್ಲುತ್ತದೆ. ಊರಲ್ಲಿ ‘ಮಹಾರಾಣಿ’ ಅಂತ ಆಡಿಕೊಳ್ಳುವುದು ಅದಕ್ಕೇ. ಏಳನೇ ವರ್ಷದಲ್ಲಿ ಗಾಡಿ ಬಾಗಿಲಿಗೆ ಸಿಕ್ಕ ಬೆರಳು, ಮತ್ತೆ ಮಡಚಲೇ ಇಲ್ಲ.

ನೋಡುತ್ತ ಕೂತೆ. ಆ ತುದಿಯ ಸ್ವರ... ಫಿಡಲ್‌ನಲ್ಲಿ ಅದಕ್ಕೆ ಕಿರುಬೆರಳೇ ಬೇಕು.

ಟೇಪು ಹಾಕಿದೆ. ಕಪ್ಪು ಕೆಳಗಿಟ್ಟಳು. ಎಡಗೈಯ ಉಳಿದ ಬೆರಳುಗಳು ಮೇಜಿನ ಮೇಲೆ ಸ್ವರ ಹಿಡಿದು ಆಡಿದವು.

“ಇದು ನಿನ್ನದಾ ಅತ್ತೆ?”

“ಹತ್ತೊಂಬತ್ತು ನಂಗಾಗ. ಅಪ್ಪ ಫಿಡಲ್ ಮುಟ್ಟೋಕೆ ಬಿಡ್ತಿರ್ಲಿಲ್ಲ, ಅಣ್ಣಂದಿರಿಗೆ ಮಾತ್ರ. ಹಸುಕೊಟ್ಟಿಗೇಲಿ ಕದ್ದು ಬಾರಿಸ್ತಿದ್ದೆ. ಲ್ಯೂಕ್ ಬಾಗಿಲಾಚೆ ನಿಂತು ಕೇಳ್ದ. ಕಲಿಸು ಅಂದ, ನಾನು ಬಾರಿಸೋ ಹಾಗೇ ಕಲಿಸ್ದೆ.”

“ನಿನ್ನ ಹೆಸರು ಹೇಳ್ಲಿಲ್ವಾ ಅವನು?”

“ಹೇಳಿದ್ರೆ ಅಪ್ಪ ಫಿಡಲ್ ಒಲೆಗೆ ಹಾಕ್ತಿದ್ದ. ಹೇಳ್ಬೇಡ ಅಂದೋಳು ನಾನೇ. ಸುಮ್ನಿರು ಅಟ್ರಾಕ್ಟಾ, ಸತ್ತೋನ ಮಾತು ಈಗ್ಯಾಕೆ?”

ಸುಮ್ಮನಿರಲಾರೆ. ಅವಳಪ್ಪ ಸತ್ತು ನಲವತ್ತು ವರ್ಷವಾಯಿತು. ಇನ್ನೂ ಯಾರಿಗೆ ಹೆದರಬೇಕು?

೯ ಮಾರ್ಚ್

ಪುಸ್ತಕದ ಸಮಿತಿ ಸಭೆ. ಟೇಪು, ಫೋಟೋಕಾಪಿ, ಬೆರಳಿನ ಕಥೆ, ಎಲ್ಲ ಮುಂದಿಟ್ಟೆ. ಮೇಷ್ಟ್ರು ನಕ್ಕರು. “ಬೆರಳು ಸಾಕ್ಷಿ ಹೇಳುತ್ತೇನಮ್ಮಾ? ನೋಡೋಣ, ಮುಂದಿನ ಮುದ್ರಣದಲ್ಲಿ...” ಅಡ್ಡಗೋಡೆಯ ಮೇಲೆ ದೀಪ. ಇಪ್ಪತ್ತಕ್ಕೆ ಬಿಡುಗಡೆ, ಆ ಮಟ್ಟನ್ನು ನಾನೇ ಬಾರಿಸಬೇಕಂತೆ, ‘ಪುಸ್ತಕದಲ್ಲಿ ಇದ್ದ ಹಾಗೆ’. ಮೈಯೆಲ್ಲ ಉರಿಯಿತು. ಆಗಲಿ ಅಂದೆ.

೧೮ ಮಾರ್ಚ್

ಪುಸ್ತಕ ಬಂತು. ಅತ್ತೆಗೆ ತೋರಿಸಿದೆ. ಲ್ಯೂಕ್‌ನ ಹೆಸರು ನೋಡಿ ಮುಂದಕ್ಕೆ ಹೋದಳು. ಕನ್ನಡಕ ಏರಿಸಿ ಸ್ವರ ಓದಿದಳು. ಎರಡನೇ ಸಾಲಿಗೆ ಮುಖ ಕೆಂಪಾಯಿತು.

“ಈ ಸ್ವರ ಯಾವನು ತುರುಕಿದ್ದು?”

“ಸ್ಕ್ಯಾನ್ಲನ್ ಮೇಷ್ಟ್ರು. ನೀನು ಬಿಟ್ಟಿದ್ದು ತಪ್ಪಂತೆ.”

“ತಪ್ಪಾ? ಅವನ ತಲೆ! ಹೆಸರು ಯಾರದಾದ್ರೂ ಇರ್ಲಿ, ನಾನು ಕಟ್ಟಿದ ಮಟ್ಟಿಗೆ ಊರುಗೋಲು ಕೊಡೋಕೆ ಇವನ್ಯಾರು? ನನ್ನ ಕೋಟು ಇಸ್ತ್ರಿ ಮಾಡು. ಭಾನುವಾರ ಬರ್ತೀನಿ.”

೨೦ ಮಾರ್ಚ್, ಭಾನುವಾರ, ಸಂಜೆ

ಚರ್ಚಿನ ಹಾಲ್ ತುಂಬಿತ್ತು. ಬಾರಿಸಿದೆ, ಮಡಚದ ಹಾಗೆ ಕಿರುಬೆರಳಿಗೆ ಪ್ಲಾಸ್ಟರ್ ಸುತ್ತಿಕೊಂಡು, ಮೂರು ಸಲವೂ ಸ್ವರ ಬಿಟ್ಟು. ಮೇಷ್ಟ್ರು ಎದ್ದು ನಿಂತರು. “ತಪ್ಪಿತು!”

ಹಿಂದಿನ ಸಾಲಿಂದ ಯಾರೋ ಕೂಗಿದರು. ಇಲ್ಲಿಯ ರೂಢಿ, ಮಟ್ಟು ಮುಗಿದ ಮೇಲೆ ಕೇಳಲೇಬೇಕು. “ಯಾರಿಂದ ಕಲ್ತೆ?”

“ಡಿಲಿಯಾ ಅತ್ತೆಯಿಂದ,” ಅಂದೆ. “ಕಟ್ಟಿದವಳೂ ಅವಳೇ.”

ಅತ್ತೆ ಎದ್ದಳು. ನನ್ನ ಫಿಡಲ್ ಕಿತ್ತುಕೊಂಡಳು. ಜನರೆದುರು ಬಾರಿಸಿದ್ದು ಜೀವಮಾನದಲ್ಲೇ ಮೊದಲು. ಕಮಾನು ಕರಕರ ಅಂದಿತು. ಬೆರಳು ಮಾತ್ರ ನೆಟ್ಟಗೆ ನಿಂತಿತ್ತು. ಸ್ವರ ಏರಿತು, ಏರಿತು, ಕಿರುಬೆರಳಿಗೆ ಎಟುಕದ ಕಡೆ ತಿರುಗಿ ಇಳಿಯಿತು. ಮೂರನೇ ಸಲಕ್ಕೆ ಇಡೀ ಹಾಲ್ ಬೂಟು ಕುಟ್ಟುತ್ತಿತ್ತು. ನಾನು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ.

ಮೇಷ್ಟ್ರು ಕೆಂಪು ಪೆನ್ನು ತೆಗೆದು ಅವಳ ಮುಂದೆ ಬಂದರು. “ಡಿಲಿಯಾ, ಯಾವ ಸ್ವರ ಹೊಡೆದುಹಾಕ್ಲಿ ಹೇಳು.” ಮುನ್ನೂರು ಪ್ರತಿ! ಕೂತು ಸ್ವರ, ಹೆಸರು ಎರಡೂ ತಿದ್ದುತ್ತಿದ್ದಾರೆ. ಪಾಪ ಅನ್ನಿಸಬೇಕು, ಅನ್ನಿಸುತ್ತಿಲ್ಲ.

ಈಗ ಅಡುಗೆಮನೆಯಿಂದ ಅತ್ತೆ ಫಿಡಲ್ ಶ್ರುತಿ ಮಾಡುವ ಸದ್ದು. “ಪೆನ್ನಿಡೇ! ಎರಡನೇ ಭಾಗ ಹಾಳು ಮಾಡ್ದೆ ನೀನು. ನಿಂಗ್ಯಾರು ಹೇಳಿದ್ದು ಅಲ್ಲಿ ಓಡು ಅಂತ? ಬಾ ಇಲ್ಲಿ—”

ಹೋಗಬೇಕು. ಉಳಿದದ್ದು—