ಪಾಸ್‌ವರ್ಡ್ ಬದಲಾಗಿದೆ

ರೀ,

ಊಟ ಮುಚ್ಚಿಟ್ಟಿದ್ದೇನೆ. ನಾಲ್ಕು ಗಂಟೆಗೆ ಅತ್ತೆಯ ಕಣ್ಣಿಗೆ ಡ್ರಾಪ್ಸ್ ಹಾಕಿ, ಮರೆಯಬೇಡಿ.

ನಾನು ಪ್ರೆಸ್ಸಿಗೆ ಹೊರಟೆ. ನನಗೆ ಕೊಟ್ಟಿದ್ದ ಪುಟ ಜೋಡಿಸುವ ಕೆಲಸವನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದಾರೆ. ಇನ್ನೊಮ್ಮೆ ಕೇಳಿ ನೋಡುತ್ತೇನೆ.

ನನ್ನನ್ನು ಒಂದು ಮಾತೂ ಕೇಳದೆ ನನ್ನ ಕಂಪ್ಯೂಟರಿನಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದಿರಿ. "ಇದು ಬರೀ ಬಿಟ್ಟಿ ಅಲ್ಲ ಕಣೇ, ಸ್ವಾತಂತ್ರ್ಯ. ಯಾರ ಅಪ್ಪಣೆಯೂ ಬೇಡ" ಅಂದಿರಿ. ಪಾಸ್‌ವರ್ಡ್ ಮಾತ್ರ ನಿಮ್ಮ ಹತ್ತಿರವೇ ಇಟ್ಟುಕೊಂಡಿರಿ. ಗುರುವಾರ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಕೊಡಬೇಕಿದ್ದ ಕರಡು ಪ್ರತಿ ತೆಗೆಯಲು ಹೊಸ ಪ್ರಿಂಟರ್ ಜೋಡಿಸಿದರೆ ಅದು ಪಾಸ್‌ವರ್ಡ್ ಕೇಳಿತು. ಆರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಸಂಜೆ ಬಂದು, "ನಿನಗೆ ಕೊಟ್ರೆ ಏನಾದ್ರೂ ಕೆಡಿಸಿಬಿಡ್ತೀಯ" ಅಂತ ನಕ್ಕಿರಿ. ಅಷ್ಟರಲ್ಲಿ ಕೆಲಸ ಕೈತಪ್ಪಿತ್ತು.

ಲಿನಕ್ಸ್ ಮೇಲೆ ನನಗೆ ಸಿಟ್ಟಿಲ್ಲ. ಆ ಹಳೇ ಯಂತ್ರ ಈಗ ಚುರುಕಾಗಿದೆ, ನನಗೂ ಒಗ್ಗಿದೆ. ಪಾಸ್‌ವರ್ಡ್ ಗೊತ್ತಿಲ್ಲದವರು ಏನು ಮಾಡಬೇಕೆಂದು ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಬರೆದಿಟ್ಟಿದ್ದಾರೆ. ಬೆಳಿಗ್ಗೆ ಅದನ್ನು ಓದಿಕೊಂಡು ಹೊಸ ಪಾಸ್‌ವರ್ಡ್ ಹಾಕಿದೆ. ಹತ್ತು ನಿಮಿಷ ಹಿಡಿಯಿತು. ಏನೂ ಕೆಡಲಿಲ್ಲ.

ನಿಮಗೆ ಬೇಕಾದಾಗ ಕೇಳಿ. ನಾನು ಫೋನ್ ಎತ್ತುತ್ತೇನೆ.