ಏಳು ಸೆಕೆಂಡಿನ ಇತಿಹಾಸ

ಎಡಿಟಿಂಗ್ ಕೋಣೆ, ಎರಡನೇ ಮಹಡಿ
ಬುಧವಾರ, ಊಟದ ಬಿಡುವು

ಸೂಜಿಗಿಂತ ಚೂಪಾದ ನನ್ನ ಅಜ್ಜಿಗೆ,

ಮೊಮ್ಮಗಳ ಸಾಷ್ಟಾಂಗ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಕನ್ನಡಕ ಕಾಣದಿದ್ದಾಗ ಮೊದಲು ಹಣೆ ಮುಟ್ಟಿ ನೋಡುತ್ತೀಯೋ ಇಲ್ಲವೋ? ಅತ್ತೆಯ ಮನೆಯ ಪರದೆಗಳ ಅಂಚನ್ನೆಲ್ಲ ಬಿಚ್ಚಿ, ಸರಿಯಿಲ್ಲವೆಂದು ಮತ್ತೆ ಹೊಲಿದೆಯೆಂದು ಸುದ್ದಿ ಬಂದಿದೆ. ನಾನು ಕ್ಷೇಮ ಎಂದು ಬರೆಯುವುದು ಪತ್ರದ ಮರ್ಯಾದೆ. ನಿಜ ಹೇಳಬೇಕೆಂದರೆ, ನಿನ್ನ ಕಿರಿಯ ಮಗ, ನನ್ನ ಪೂಜ್ಯ ಚಿಕ್ಕಪ್ಪ, ಚಿತ್ರನಟ ಹಾಗೂ ನಿರ್ಮಾಪಕ ಮಹಾಶಯರು ನನ್ನ ತಲೆ ತಿಂದು ತೇಗಿದ್ದಾರೆ.

ಅವರ ಕಂಪನಿಗೆ ಹತ್ತು ವರ್ಷ ತುಂಬಿತಲ್ಲ, ಹೊಸ ಸಿನಿಮಾದ ಮೊದಲಿಗೆ ಹಾಕಲು ಅಲುಗಾಡುವ ಲೋಗೋ ಬೇಕಂತೆ. ಏಳೇ ಸೆಕೆಂಡು. ಚಿತ್ರ ಬರೆದು ಅಲುಗಾಡಿಸುವುದು ನನ್ನ ಹೊಟ್ಟೆಪಾಡಾದ್ದರಿಂದ ಕೆಲಸ ನನ್ನ ಕೊರಳಿಗೆ ಬಿತ್ತು. ಜೊತೆಗೆ ಕಂಪನಿಯ ಇತಿಹಾಸವನ್ನೂ ಒಂದು ಪುಟ ಬರೆದುಕೊಡು ಎಂದು ಅಪ್ಪಣೆಯಾಯಿತು. ಮೊದಲ ಸಾಲನ್ನು ಅವರೇ ಹೇಳಿ ಬರೆಸಿದರು: "ಬರಿದಾದ ಒಂದು ಕೋಣೆ, ಒಬ್ಬಂಟಿ ಯುವಕ." ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಆ ಕೋಣೆ ಬರಿದಾಗಿದ್ದದ್ದು ಯಾವಾಗ? ಅದು ನಿನ್ನ ಹೊಲಿಗೆ ಕೋಣೆ. ನಿನ್ನ ಮಿಷನ್ನನ್ನು ಪಡಸಾಲೆಗೆ ದಬ್ಬಿ, ನೀನು ಟೇಪು ನೇತುಹಾಕುತ್ತಿದ್ದ ಮೊಳೆಗೇ ಕಂಪನಿಯ ಬೋರ್ಡು ನೇತುಹಾಕಿದರು. ಮೊದಲ ಸಿನಿಮಾದ ಬಟ್ಟೆಗಳನ್ನೆಲ್ಲ ಹೊಲಿದವಳು ನೀನು. ಹೊಡೆದಾಟದ ದೃಶ್ಯಕ್ಕೆಂದು ಹರಿದಿಟ್ಟಿದ್ದ ಅಂಗಿಯನ್ನು, "ನನ್ನ ಮಗ ಹರಕು ಅಂಗಿಯಲ್ಲಿ ಕ್ಯಾಮೆರಾ ಮುಂದೆ ನಿಲ್ಲುವುದೇ?" ಎಂದು, ಗುರುತು ಸಿಗದ ಹಾಗೆ ಹೊಲಿದು ಇಸ್ತ್ರಿ ಮಾಡಿಟ್ಟವಳೂ ನೀನೇ. ಇಪ್ಪತ್ತು ಜನರಿಂದ ಒದೆ ತಿಂದ ನಾಯಕ ಗರಿಗರಿ ಅಂಗಿಯಲ್ಲಿ ಎದ್ದು ನಿಂತದ್ದನ್ನು ಜನ ಇಂದಿಗೂ ಆಡಿಕೊಳ್ಳುತ್ತಾರೆ.

ಇಷ್ಟೆಲ್ಲ ಆಗಿಯೂ ಟಿವಿ ಸಂದರ್ಶನದಲ್ಲಿ "ನನ್ನ ಹಿಂದೆ ಯಾರೂ ಇರಲಿಲ್ಲ" ಅಂದುಬಿಟ್ಟರು. ಮರುದಿನ ನೀನು ಬ್ಯಾಗು ಹಿಡಿದು ಮಗಳ ಮನೆಗೆ, ನಮ್ಮ ಅತ್ತೆಯಲ್ಲಿಗೆ ಹೊರಟೆ. ಮೂರು ತಿಂಗಳಾಯಿತು. ಅವರ ಫೋನು ಬಂದಾಗಲೆಲ್ಲ ನೀನು ಸ್ನಾನಕ್ಕೆ ಹೋಗಿರುತ್ತೀಯಂತೆ. ದಿನಕ್ಕೆ ಎಷ್ಟು ಸ್ನಾನ ಅಜ್ಜಿ?

ಇರಲಿ, ಲೋಗೋ ಪುರಾಣಕ್ಕೆ ಬರುತ್ತೇನೆ. ಮೊದಲು ಸಿಂಹ ಬೇಕೆಂದರು. ಬರೆದೆ. ಅದರ ಮೂಗು ತಮ್ಮ ಮೂಗಿನಂತಿರಲಿ ಎಂದರು. ಸಿಂಹದ ಕ್ಷಮೆ ಕೋರಿ ತಿದ್ದಿದೆ. ಗರ್ಜನೆಯಲ್ಲಿ ತೂಕವಿಲ್ಲವೆಂದು ನಾಲ್ಕು ಸಲ ತಿರಸ್ಕರಿಸಿದರು. ಐದನೇ ಸಲ, ಮೇಕಪ್ ಕುರ್ಚಿಯಲ್ಲಿ ಅವರು ಹೊಡೆಯುತ್ತಿದ್ದ ಗೊರಕೆಯನ್ನೇ ಫೋನಿನಲ್ಲಿ ಹಿಡಿದು ಸಿಂಹದ ಬಾಯಿಗೆ ತುಂಬಿದೆ. ಕಣ್ಣು ಮುಚ್ಚಿ ಕೇಳಿ, "ನೋಡು, ಇದ್ರಲ್ಲಿ ಒಂದು ಘನತೆ ಇದೆ" ಅಂದರು. ಮೇಜಿನ ಕೆಳಗೆ ಪೆನ್ನು ಹುಡುಕಲು ಬಗ್ಗಿದ ಸೌಂಡ್ ಇಂಜಿನಿಯರ್ ಬಹಳ ಹೊತ್ತು ಮೇಲೇಳಲಿಲ್ಲ. ಘನತೆಯ ಮೂಲ ತಿಳಿದ ದಿನ ಸಿಂಹ ಕಾಡಿಗೆ ಹೋಯಿತು, ನಾನು ಬೈಗುಳಕ್ಕೆ ಗುರಿಯಾದೆ.

ಆಮೇಲೆ ಯಾರನ್ನೂ ಕೇಳದೆ ನಿನ್ನ ಮಿಷನ್ನು ಬರೆದೆ. ಒಂದು ಬರಿಗಾಲು ತುಳಿಯುತ್ತದೆ, ಚಕ್ರ ತಿರುಗುತ್ತದೆ, ಕಪ್ಪು ಬಟ್ಟೆಯ ಮೇಲೆ ದಾರ ಓಡಿ ಕಂಪನಿಯ ಹೆಸರು ಹೊಲಿಯುತ್ತದೆ. ಚಿಕ್ಕಪ್ಪ ಎರಡು ಸಲ ನೋಡಿದರು. ಬೇಡ ಎನ್ನಲಿಲ್ಲ. ಆದರೆ ಸುಮ್ಮನಿದ್ದರೆ ಅವರು ನಿರ್ಮಾಪಕರು ಹೇಗಾದಾರು? ಚಕ್ರ ಬಂಡಿಯಂತೆ ಮುಂದಕ್ಕೆ ಓಡಲಿ, ಕಂಪನಿ ಮುನ್ನುಗ್ಗುತ್ತಿದೆ ಅನಿಸಲಿ ಎಂದು ಹಟ ಹಿಡಿದರು. ತಿರುಗಿಸಿಕೊಟ್ಟೆ.

ಸದ್ದು ಹಿಡಿಯಲು ನಿನ್ನೆ ಮಿಷನ್ನನ್ನೇ ಸ್ಟುಡಿಯೋಗೆ ತಂದೆವು. ನಾನು ತುಳಿದೆ, ಸೂಜಿ ಮುರಿಯಿತು. ಇಂಜಿನಿಯರ್ ತುಳಿದ, ಬಟ್ಟೆಯಡಿ ದಾರ ಗಂಟಾಯಿತು. "ಏಳ್ರೋ" ಎಂದು ಚಿಕ್ಕಪ್ಪನವರೇ ಮೇಕಪ್ಪಿನಲ್ಲೇ ಕುಳಿತು, ತಮ್ಮ ಲೋಗೋದಲ್ಲಿದ್ದ ಹಾಗೆಯೇ ಚಕ್ರವನ್ನು ಮುಂದಕ್ಕೆ ಓಡಿಸಿದರು. ದಾರ ತುಂಡಾಯಿತು. ಪೋಣಿಸಿದರು, ಮತ್ತೆ ತುಂಡಾಯಿತು. ಚಕ್ರ ಹೊಲಿಯುವವರ ಕಡೆಗೆ ತಿರುಗಬೇಕೆಂದು ನೀನು ನನ್ನ ಬೆರಳಿಗೆ ಹೊಡೆದು ಕಲಿಸಿದ್ದು ನೆನಪಿತ್ತು. ಆದರೂ ಒಂಬತ್ತು ಸಲ ತುಂಡಾಗುವವರೆಗೆ ಹೇಳಲಿಲ್ಲ, ಕ್ಷಮಿಸು. ಹೇಳಿದ ಮೇಲೆ ಅವರಿಗೆ ಸಿಟ್ಟು ಬರಲಿಲ್ಲ. ತುಂಡು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅಮ್ಮ ತುಳಿದ್ರೆ ಮಳೆ ಬಂದಂಗೆ ಕೇಳ್ತಿತ್ತು. ನಂಗೆ ಆ ಸದ್ದಲ್ಲೇ ನಿದ್ದೆ ಬರ್ತಿದ್ದಿದ್ದು" ಅಂದರು. ಆಮೇಲೆ ನನ್ನ ಹಾಳೆ ಎಳೆದುಕೊಂಡು ಇತಿಹಾಸದ ಮೊದಲ ಸಾಲನ್ನು ಹೊಡೆದುಹಾಕಿದರು. ಅಲ್ಲಿ ಬೇರೇನು ಬರೆಯಬೇಕೋ ತಮಗೆ ತಿಳಿಯದು, ಅಮ್ಮನನ್ನೇ ಕೇಳು ಎಂದರು.

ಅತ್ತೆಗೆ ನಮಸ್ಕಾರ, ಅವರ ಪರದೆಗಳಿಗೆ ನನ್ನ ಸಂತಾಪ. ನಿನ್ನ ಆಶೀರ್ವಾದ ಎದುರಿಗೇ ಬೇಕು, ಕಿವಿ ಹಿಂಡಿಯೇ ಕೊಡು.

ನೀನೇ ಹೆಸರಿಟ್ಟ,
ಬಾಲವಿಲ್ಲದ ಕೋತಿ

ಮರೆತಿದ್ದೆ: ಶನಿವಾರ ಬೆಳಿಗ್ಗೆ ಹತ್ತಕ್ಕೆ ಚಿಕ್ಕಪ್ಪ ತಾವೇ ಕಾರು ಓಡಿಸಿಕೊಂಡು ಅಲ್ಲಿಗೆ ಬರುತ್ತಾರೆ. ಹೇಳಬೇಡ ಎಂದಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ನಿನ್ನ ಕ್ಷಮೆ ಕೇಳುವುದನ್ನು ನನ್ನ ಮುಂದೆ ಆರು ಸಲ ಅಭ್ಯಾಸ ಮಾಡಿದರು. ಮೂರು ಪುಟದ ಡೈಲಾಗನ್ನು ಒಂದೇ ಉಸಿರಿಗೆ ಒಪ್ಪಿಸುವ ಮನುಷ್ಯ ಆರು ಸಲವೂ ಮಾತು ಮರೆತರು. ಬಾಗಿಲಲ್ಲಿ ಸುಮ್ಮನೆ ನಿಂತರೆ ಅದೇ ಡೈಲಾಗು ಎಂದು ತಿಳಿ. ಸ್ನಾನಕ್ಕೆ ಮಾತ್ರ ಹೋಗಬೇಡ.